ನೀರಿನಂಚಿಗೊಂದು ಕಡ್ಡಿ

ಜುಲೈ ಬಂತೆಂದರೆ ಸಿರುಗುಪ್ಪದ ಚಹಾ ಹೋಟೆಲುಗಳಲ್ಲಿ ಪೇಪರ್ ಓದುವ ಕ್ರಮವೇ ಬದಲಾಗುತ್ತದೆ. ಮುಖಪುಟದ ರಾಜಕೀಯವನ್ನೂ ಕೊನೆಪುಟದ ಕ್ರಿಕೆಟ್ಟನ್ನೂ ಬಿಟ್ಟು ಕೈ ನೇರವಾಗಿ ಜಲಾಶಯಗಳ ಮಟ್ಟದ ಪುಟ್ಟ ಚೌಕಕ್ಕೆ ಹೋಗುತ್ತದೆ. ತುಂಗಭದ್ರಾ: ಗರಿಷ್ಠ ಮಟ್ಟ 1633 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಭತ್ತದ ಸಸಿ ಬಿಟ್ಟುಕೊಂಡು ಕಾಲುವೆ ನೀರಿಗೆ ಕಾಯುವವರಿಗೂ, ಕುರುಗೋಡು ಕಡೆ ಮೆಣಸಿನಕಾಯಿ ಹಚ್ಚುವವರಿಗೂ ಅಂದಿನ ಸಂಪಾದಕೀಯವೆಂದರೆ ಆ ಚೌಕವೇ.

ಅಂಥದೊಂದು ಬೆಳಿಗ್ಗೆ ಪಕ್ಕದ ಬೆಂಚಿನಲ್ಲಿ ತಾತನ ಜೊತೆ ಕೂತಿದ್ದ ಹುಡುಗನೊಬ್ಬ ಆ ಚೌಕದ ಮೇಲೆ ಬೆರಳಿಟ್ಟು ಕೇಳಿದ: ‘ತಾತ, ಡ್ಯಾಮು ಸಾವಿರದಾರ್ನೂರು ಅಡಿ ಎತ್ತರ ಐತಾ?’ ತಾತ ಚಹಾದ ಲೋಟದಿಂದ ತಲೆ ಎತ್ತದೆ, ‘ಹೂಂ, ಇರ್ಬೇಕು’ ಅಂದರು.

ಇಲ್ಲ. ಹೊಸಪೇಟೆಯ ಆ ಅಣೆಕಟ್ಟಿನ ಎತ್ತರ ನೂರರವತ್ತು ಅಡಿಯ ಆಸುಪಾಸು. ಉಳಿದ ಸಾವಿರ ಚಿಲ್ಲರೆ ಅಡಿ ಸಮುದ್ರದ ಲೆಕ್ಕ. 1633 ಎಂಬುದು ಅಣೆಕಟ್ಟಿನ ತಳದಿಂದ ಎಣಿಸಿದ್ದಲ್ಲ, ಸಮುದ್ರ ಮಟ್ಟದಿಂದ ಎಣಿಸಿದ್ದು. ಬಳ್ಳಾರಿ ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಬರೆಯುತ್ತಿದ್ದ ಎತ್ತರವೂ ಅಲ್ಲಿಂದಲೇ ಬಂದದ್ದು. ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ, ಎಂದು ನಮ್ಮನ್ನು ನಾವೇ ಗೇಲಿ ಮಾಡಿಕೊಳ್ಳುವ ಊರು ನಮ್ಮದು. ಕಡಲು ನೋಡದೆಯೇ ಮುದುಕರಾದವರು ಇಲ್ಲಿ ಬೇಕಾದಷ್ಟಿದ್ದಾರೆ. ಆದರೂ ನಮ್ಮ ರೈತರು ದಿನಾ ಬೆಳಿಗ್ಗೆ ಸಮುದ್ರದ ಮಟ್ಟವನ್ನು ಬಾಯಿಪಾಠ ಒಪ್ಪಿಸುತ್ತಿರುತ್ತಾರೆ.

ಆ ಸೊನ್ನೆಯನ್ನು ಯಾರು, ಎಲ್ಲಿ ಗುರುತು ಹಾಕಿದರು? ಸಮುದ್ರವೇನು ಒಂದು ಕಡೆ ನಿಲ್ಲುವಂಥದ್ದಲ್ಲ. ಸುಮಾರು ಹನ್ನೆರಡೂವರೆ ಗಂಟೆಗೊಮ್ಮೆ ಉಬ್ಬುತ್ತದೆ, ಇಳಿಯುತ್ತದೆ. ಹುಣ್ಣಿಮೆಗೆ ಒಂದು ಥರ, ಅಷ್ಟಮಿಗೆ ಇನ್ನೊಂದು ಥರ. ಹಾಗಾಗಿ ವರ್ಷಗಟ್ಟಲೆ ಅಳೆದು ಸರಾಸರಿ ತೆಗೆಯಬೇಕು. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಸರ್ವೇ ಇಲಾಖೆ ಮಾಡಿದ್ದು ಅದನ್ನೇ. 1909ರ ಹೊತ್ತಿಗೆ ಸಿದ್ಧವಾದ ದೇಶದ ಮೊದಲ ಮಟ್ಟದ ಜಾಲವನ್ನು ಒಂಬತ್ತು ಬಂದರುಗಳ ಸರಾಸರಿ ಸಮುದ್ರ ಮಟ್ಟಕ್ಕೆ ಗಂಟು ಹಾಕಲಾಯಿತು: ಕರಾಚಿ, ಮುಂಬೈ, ಕಾರವಾರ, ಬೇಪೂರ್, ಕೊಚ್ಚಿ, ನಾಗಪಟ್ಟಣ, ಮದ್ರಾಸು, ವಿಶಾಖಪಟ್ಟಣ, ಒಡಿಶಾದ ಫಾಲ್ಸ್ ಪಾಯಿಂಟ್. ಒಂಬತ್ತರಲ್ಲಿ ಒಂದು ನಮ್ಮ ಕಾರವಾರ. ಬಳ್ಳಾರಿಯಿಂದ ನೇರ ಗೆರೆ ಎಳೆದರೆ ಮುನ್ನೂರು ಕಿಲೋಮೀಟರ್ ದೂರ.

ಆ ಕಾಲದ ಉಪಕರಣವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಬಂದರಿನ ಕಟ್ಟೆಯ ಮಗ್ಗುಲಲ್ಲಿ ಒಂದು ಬಾವಿ. ಬಾವಿಗೂ ಸಮುದ್ರಕ್ಕೂ ನಡುವೆ ತಳದಲ್ಲಿ ಒಂದು ಕಿರಿದಾದ ದಾರಿ ಮಾತ್ರ. ಬಾವಿಯೊಳಗೆ ಒಂದು ತೇಲುಬುರುಡೆ, ಬುರುಡೆಗೆ ತಂತಿ, ತಂತಿಯ ತುದಿಗೆ ಪೆನ್ಸಿಲು, ಪೆನ್ಸಿಲಿನ ಎದುರಿಗೆ ಗಡಿಯಾರ ತಿರುಗಿಸುವ ಉರುಳೆಗೆ ಸುತ್ತಿದ ಕಾಗದ. ಹೊರಗೆ ಅಲೆ ಎಷ್ಟೇ ಅಬ್ಬರಿಸಲಿ, ಹತ್ತು ಸೆಕೆಂಡಿಗೆ ಬಂದು ಹೋಗುವ ಅಲೆಗೆ ಆ ಕಿರಿದಾದ ದಾರಿಯಲ್ಲಿ ನುಗ್ಗಿ ಬಾವಿ ತುಂಬಿಸಲು ಪುರುಸೊತ್ತಿಲ್ಲ. ನಿಮಿಷಗಟ್ಟಲೆ, ಗಂಟೆಗಟ್ಟಲೆ ಏರುವ ನೀರು ಮಾತ್ರ ಒಳಗೆ ಬರುತ್ತದೆ. ಗದ್ದಲ ಹೊರಗೇ ಉಳಿದು ಸುದ್ದಿ ಮಾತ್ರ ಒಳಗೆ ಬರುವ ಏರ್ಪಾಡು ಅದು.

ಭೂಮಿಯ ಎತ್ತರ ಅಳೆಯಲು ಹಾಗೂ ಹಡಗುಗಳಿಗೆ ಉಬ್ಬರದ ಪಂಚಾಂಗ ಬರೆಯಲು ಇಟ್ಟ ಈ ಬಾವಿಗಳು ಯಾರೂ ಕೇಳದ ಇನ್ನೊಂದು ಕೆಲಸವನ್ನೂ ಮಾಡಿದವು. 1881ರ ಡಿಸೆಂಬರ್ 31ರಂದು ಕಾರ್ ನಿಕೋಬಾರ್ ಬಳಿ ಭೂಕಂಪವಾಯಿತು. ಬಂಗಾಳ ಕೊಲ್ಲಿಯ ಸುತ್ತಲಿನ ಕಾಗದಗಳ ಮೇಲೆ, ಉಬ್ಬರದ ನುಣುಪು ಗೆರೆಯ ನಡುವೆ, ಗರಗಸದ ಹಲ್ಲಿನಂಥ ಏರಿಳಿತ ಮೂಡಿತು. ಎರಡು ವರ್ಷ ತುಂಬುವ ಮೊದಲೇ, 1883ರ ಆಗಸ್ಟ್ 27ರಂದು, ಇಂಡೊನೇಷ್ಯಾದ ಕ್ರಕಟೋವಾ ಜ್ವಾಲಾಮುಖಿ ಸಿಡಿದಾಗ ಮತ್ತೆ ಅದೇ ಬಗೆಯ ಹಲ್ಲು. ಸುನಾಮಿ ಎಂಬ ಪದ ನಮ್ಮ ಭಾಷೆಗೆ ಬರುವುದಕ್ಕೆ ನೂರು ವರ್ಷ ಮೊದಲೇ ಅದರ ಸಹಿ ನಮ್ಮ ದಫ್ತರದಲ್ಲಿತ್ತು. 1881ರ ಆ ಗೆರೆಗಳನ್ನೇ ಮುಂದಿಟ್ಟುಕೊಂಡು ಆ ಭೂಕಂಪದ ಗಾತ್ರವನ್ನು ಲೆಕ್ಕ ಹಾಕಿದ ಆರ್ಟಿಜ್ ಮತ್ತು ಬಿಲ್ಹಮ್ ಎಂಬ ಇಬ್ಬರು ವಿಜ್ಞಾನಿಗಳ ಲೇಖನ ಪ್ರಕಟವಾದದ್ದು 2003ರಲ್ಲಿ.

ಮರುವರ್ಷವೇ ಏನಾಯಿತೆಂದು ಎಲ್ಲರಿಗೂ ಗೊತ್ತು. 2004ರ ಡಿಸೆಂಬರ್ 26, ಭಾನುವಾರ. ಸುಮಾತ್ರಾದಾಚೆ ಭೂಮಿ ನಡುಗಿದ್ದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಆರೂವರೆಗೆ. ಚೆನ್ನೈ ದಂಡೆಗೆ ನೀರು ಬಂದದ್ದು ಒಂಬತ್ತು ಗಂಟೆ ಆದಮೇಲೆ. ನಡುವೆ ಎರಡೂವರೆ ಗಂಟೆ ಇತ್ತು. ಬಳ್ಳಾರಿಯಿಂದ ಬಸ್ಸು ಹತ್ತಿದವನು ಸಿರುಗುಪ್ಪಕ್ಕೆ ಹೋಗಿ ಊಟ ಮುಗಿಸುವಷ್ಟು ಹೊತ್ತು. ಅಷ್ಟು ಹೊತ್ತಿದ್ದೂ ಭಾರತದಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ಜನ ಹೋದರು. ಬಂದರುಗಳ ಅಳತೆಯಂತ್ರಗಳು ಅಂದು ಮಲಗಿರಲಿಲ್ಲ. ಚೆನ್ನೈ, ವಿಶಾಖಪಟ್ಟಣದ ಯಂತ್ರಗಳು ಬಂದ ಅಲೆಯನ್ನು ಬರೆದುಕೊಂಡವು. ಪಶ್ಚಿಮ ಕರಾವಳಿಯ ಕೊಚ್ಚಿ, ಮರ್ಮಗೋವಾದ ಯಂತ್ರಗಳೂ ಬರೆದುಕೊಂಡವು. ಆದರೆ ಬರೆದದ್ದನ್ನು ಆ ಕ್ಷಣವೇ ಓದುವವರಿರಲಿಲ್ಲ, ಓದಿ ಮುಂದಿನ ಊರಿಗೆ ಹೇಳುವ ತಂತಿಯಿರಲಿಲ್ಲ. ಗುಮಾಸ್ತ ಕಡತ ಬರೆದಿಟ್ಟ ಹಾಗೆ ಬರೆದಿಟ್ಟವು.

ಈ ಬರಹದ ಮಾತೆಲ್ಲ ಇಲ್ಲಿದೆ. ಅಳೆಯುವುದು ಬೇರೆ, ಎಚ್ಚರಿಸುವುದು ಬೇರೆ. ನೀರಿಗಿಂತ ಮುಂಚೆ ತಲುಪದ ಅಂಕಿ ಇತಿಹಾಸವಾಗುತ್ತದೆ, ಎಚ್ಚರಿಕೆಯಾಗುವುದಿಲ್ಲ.

2004ರ ಪಾಠದಿಂದ ಹುಟ್ಟಿದ್ದು ಭಾರತದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ. 2007ರ ಅಕ್ಟೋಬರಿನಲ್ಲಿ ಶುರುವಾದ ಈ ಕೇಂದ್ರ ಎಲ್ಲಿದೆ ಗೊತ್ತೆ? ಚೆನ್ನೈಯಲ್ಲೂ ಅಲ್ಲ, ಮುಂಬೈಯಲ್ಲೂ ಅಲ್ಲ. ಹೈದರಾಬಾದಿನಲ್ಲಿ, ಇನ್‌ಕಾಯಿಸ್ ಎಂದು ಕರೆಯುವ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರದೊಳಗೆ. ಬಳ್ಳಾರಿಯಿಂದ ಕಾರವಾರ ಪಶ್ಚಿಮಕ್ಕೆ ಎಷ್ಟು ದೂರವೋ, ಹೈದರಾಬಾದು ಈಶಾನ್ಯಕ್ಕೆ ಸರಿಸುಮಾರು ಅಷ್ಟೇ ದೂರ. ನಮ್ಮ ಹಾಗೆಯೇ ದಖ್ಖನ್ನಿನ ಬಂಡೆಗಳ ಮೇಲೆ ಕೂತ ಊರು ಅದು. 2011ರಿಂದ ಆಸ್ಟ್ರೇಲಿಯಾ, ಇಂಡೊನೇಷ್ಯಾಗಳ ಜೊತೆ ಸೇರಿ ಇಡೀ ಹಿಂದೂ ಮಹಾಸಾಗರದ ದೇಶಗಳಿಗೆ ಎಚ್ಚರಿಕೆ ಕೊಡುವ ಹೊಣೆಯೂ ಅದರದ್ದು. ಕಡಲ ನಾಡಿ ಹಿಡಿದು ನೋಡುವ ವೈದ್ಯ ಕೂತಿರುವುದು ಒಣನೆಲದಲ್ಲಿ. ಅವನಿಗೆ ಬೇಕಿರುವುದು ಕಡಲ ನೋಟವಲ್ಲ, ಕಡಲಿನಿಂದ ಎಡೆಬಿಡದೆ ಬರುವ ಅಂಕಿ.

ಆ ಅಂಕಿ ಏನೇನು? ಮೊದಲು ಬರುವುದು ಭೂಕಂಪದ ಸುದ್ದಿ. ನೆಲದೊಳಗಿನ ಕಂಪನ ಸೆಕೆಂಡಿಗೆ ಕಿಲೋಮೀಟರುಗಟ್ಟಲೆ ಓಡುತ್ತದೆ, ನೀರು ಅದರ ಮುಂದೆ ಬಲು ನಿಧಾನಿ. ಸುನಾಮಿಯ ವೇಗ ನೀರಿನ ಆಳವನ್ನು ಅವಲಂಬಿಸಿದೆ. ನಾಲ್ಕು ಸಾವಿರ ಮೀಟರ್ ಆಳದಲ್ಲಿ ಗಂಟೆಗೆ ಸುಮಾರು 700 ಕಿಲೋಮೀಟರ್, ಅಂದರೆ ವಿಮಾನದ ವೇಗ. ಐವತ್ತು ಮೀಟರ್ ಆಳಕ್ಕೆ ಬಂದಾಗ ಗಂಟೆಗೆ 80, ಅಂದರೆ ಹೆದ್ದಾರಿಯ ಲಾರಿ. ಹತ್ತು ಮೀಟರ್ ಆಳದಲ್ಲಿ 36, ಅಂದರೆ ಪೇಟೆಯೊಳಗಿನ ಬೈಕು. ಮುಂದಿನ ನೀರು ನಿಧಾನವಾದಾಗ ಹಿಂದಿನದು ಬಂದು ಒತ್ತುತ್ತದೆ, ಅಲೆ ಮೇಲಕ್ಕೇಳುತ್ತದೆ. ನಡುಗಡಲಲ್ಲಿ ದೋಣಿಯವನಿಗೆ ಗೊತ್ತೇ ಆಗದ ಅಲೆ ದಂಡೆಯಲ್ಲಿ ಮನೆ ಮುಳುಗಿಸುವುದು ಹೀಗೆ.

ಆದರೆ ಭೂಕಂಪದ ಸುದ್ದಿ ಹೇಳುವುದು ‘ಬರಬಹುದು’ ಎಂದಷ್ಟೇ. ‘ಬಂದಿದೆ’ ಅಥವಾ ‘ಬರಲಿಲ್ಲ’ ಎನ್ನಬಲ್ಲದ್ದು ನೀರು ಮಾತ್ರ. 2012ರ ಏಪ್ರಿಲ್ 11ರಂದು ಸುಮಾತ್ರಾದಾಚೆ 8.6 ತೀವ್ರತೆಯ ಭೂಕಂಪವಾಯಿತು. ಇಷ್ಟು ದೊಡ್ಡದೆಂದಾಗ ಎಚ್ಚರಿಕೆ ಕೊಡದೆ ಇರಲಾಗದು, ಕೊಟ್ಟರು. ಆದರೆ ಆ ಸಲ ಭೂಫಲಕಗಳು ಮೇಲೆ ಕೆಳಗೆ ಕುಪ್ಪಳಿಸದೆ ಅಕ್ಕಪಕ್ಕ ಜಾರಿದ್ದರಿಂದ ನೀರನ್ನು ಎತ್ತಿ ಒಗೆಯಲಿಲ್ಲ. ಬಂದರುಗಳ ಮಾಪಕಗಳೂ ನಡುಗಡಲಿನಲ್ಲಿ ತೇಲಿಬಿಟ್ಟ ಬಾಯ್‌ಗಳೂ ಏಳುತ್ತಿರುವುದು ಸಣ್ಣ ಅಲೆಗಳು ಮಾತ್ರ ಎಂದು ತೋರಿಸಿದ ಮೇಲೆ ಎಚ್ಚರಿಕೆ ಹಿಂದೆಗೆದರು. ಜನರನ್ನು ಎಬ್ಬಿಸುವುದಕ್ಕೆ ಎಷ್ಟೋ ಅಷ್ಟೇ, ಮನೆಗೆ ವಾಪಸ್ ಕಳಿಸುವುದಕ್ಕೂ ಮಾಪಕ ಬೇಕು. ಎರಡು ಸಲ ಸುಮ್ಮನೆ ಓಡಿಸಿದರೆ ಮೂರನೆಯ ಸಲ ಜನ ಹಾಸಿಗೆಯಿಂದ ಏಳುವುದಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು 2018ರ ಡಿಸೆಂಬರ್ 22ರ ರಾತ್ರಿ ಇಂಡೊನೇಷ್ಯಾದಲ್ಲಿ ನಡೆದದ್ದು. ಕ್ರಕಟೋವಾದ ಜಾಗದಲ್ಲೇ ಸಮುದ್ರದಿಂದ ಎದ್ದುಬಂದಿದ್ದ ‘ಅನಕ್ ಕ್ರಕಟೋವಾ’, ಅಂದರೆ ಕ್ರಕಟೋವಾದ ಕೂಸು, ಒಂದು ಮಗ್ಗುಲು ಕುಸಿದು ಸಮುದ್ರಕ್ಕೆ ಬಿತ್ತು. ಗಂಟೆ ಬಾರಿಸುವಂಥ ಭೂಕಂಪ ಆಗಲೇ ಇಲ್ಲ. ಭೂಕಂಪವನ್ನೇ ಕಾಯುತ್ತಿದ್ದ ವ್ಯವಸ್ಥೆಗೆ ಏನೂ ಕೇಳಿಸಲಿಲ್ಲ. ನಾಲ್ಕುನೂರಕ್ಕೂ ಹೆಚ್ಚು ಜನ ಸತ್ತರು. ನೀರನ್ನೇ ನೋಡುತ್ತಿರುವ ಕಣ್ಣು ದಂಡೆಯುದ್ದಕ್ಕೂ ಇರಬೇಕು ಎಂಬ ಮಾತಿಗೆ ಆ ರಾತ್ರಿಗಿಂತ ದೊಡ್ಡ ಸಾಕ್ಷಿ ಬೇಡ.

ಕಣ್ಣೇನೋ ಇಡಬಹುದು, ಅದರ ಬೆಲೆ ಎಷ್ಟು? ಆಳಸಮುದ್ರದ ತಳದಲ್ಲಿ ಒತ್ತಡ ಅಳೆಯುವ ಪೆಟ್ಟಿಗೆ, ಅದರ ಮೇಲೆ ನೀರಿನಲ್ಲಿ ತೇಲುವ ಬಾಯ್, ಬಾಯ್‌ನಿಂದ ಉಪಗ್ರಹಕ್ಕೆ ಸಂದೇಶ. ಸಾವಿರಾರು ಮೀಟರ್ ಆಳದಲ್ಲಿ ಕೂತು ಮೇಲಿನ ನೀರು ಒಂದು ಸೆಂಟಿಮೀಟರ್ ಏರಿದ್ದನ್ನೂ ಹೇಳಬಲ್ಲ ಜಾಣ ಉಪಕರಣ ಅದು. ಆದರೆ ಅದರ ಖರ್ಚು ಕೋಟಿಗಳ ಲೆಕ್ಕ. ಇಡಲು ಹಡಗು ಬೇಕು, ರಿಪೇರಿಗೂ ಹಡಗು ಬೇಕು. ಅಂಥವು ನಾಲ್ಕಾರು ಇಡಬಹುದು, ಬಂದರಿಗೊಂದು ಇಡಲಾಗದು.

ಅಲ್ಲಿಗೆ ಬರುತ್ತದೆ ಅಗ್ಗದ ಮಾಪಕದ ಕಥೆ, ಮತ್ತು ಇದರಲ್ಲಿ ನಮ್ಮ ನೆರೆಯ ಗೋವಾದ ಪಾಲು ದೊಡ್ಡದು. ದೋನಾ ಪೌಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಪ್ರಭುದೇಸಾಯಿ, ಆಂಟನಿ ಜೋಸೆಫ್ ಮತ್ತು ಸಂಗಡಿಗರು ಒಂದು ಸರಳ ಪ್ರಶ್ನೆ ಕೇಳಿಕೊಂಡರು. ಸಮುದ್ರದ ಅಂಕಿಯನ್ನು ಕಳಿಸಲು ಉಪಗ್ರಹವೇ ಯಾಕೆ? ಬಂದರುಗಳಲ್ಲೆಲ್ಲ ಮೊಬೈಲ್ ಟವರ್ ಇದೆಯಲ್ಲ? ಮಾಪಕಕ್ಕೆ ಒಂದು ಸಿಮ್ ಹಾಕಿದರಾಯಿತು. ಹಾಗೆ ಮಾಡಿದ ಮಾಪಕಗಳನ್ನು ಮಾಂಡೋವಿ ನದೀಮುಖದ ವೆರೆಂನಲ್ಲಿ, ಲಕ್ಷದ್ವೀಪದ ಕವರತ್ತಿಯಲ್ಲಿ ಇಟ್ಟರು. 2007ರ ಸೆಪ್ಟೆಂಬರ್ 12ರಂದು ಸುಮಾತ್ರಾದಲ್ಲಿ 8.4ರ ಭೂಕಂಪವಾಯಿತು. ಅದೆಬ್ಬಿಸಿದ ಸಣ್ಣ ಸುನಾಮಿ ಅರಬ್ಬಿ ಸಮುದ್ರಕ್ಕೂ ಬಂತು. ಗೋವಾ ಮತ್ತು ಕವರತ್ತಿಯ ಮಾಪಕಗಳು ಅದು ಬರುತ್ತಿದ್ದಂತೆಯೇ ಮೊಬೈಲ್ ಜಾಲದ ಮೂಲಕ ಇಂಟರ್ನೆಟ್ಟಿಗೆ ಅಂಕಿ ಕಳಿಸಿದವು. 1881ರ ಪೆನ್ಸಿಲು ಬರೆದಿಟ್ಟುಕೊಂಡಿದ್ದನ್ನು ಈ ಸಿಮ್ ಬಾಯಿಬಿಟ್ಟು ಹೇಳಿತು. ಹೈದರಾಬಾದಿನ ಕೇಂದ್ರ ಶುರುವಾಗುವುದಕ್ಕೆ ಇನ್ನೂ ತಿಂಗಳಿತ್ತು ಆಗ.

ಯುರೋಪಿನ ಒಕ್ಕೂಟದ ಸಂಶೋಧನಾ ಕೇಂದ್ರವೊಂದು ಇಟಲಿಯ ಇಸ್ಪ್ರಾದಲ್ಲಿದೆ. ಅದು ಇದೇ ದಾರಿಯಲ್ಲಿ ಇನ್ನಷ್ಟು ಅಗ್ಗದ ಉಪಕರಣ ಮಾಡಿ ಮೆಡಿಟರೇನಿಯನ್ ದಂಡೆಯಲ್ಲಿ ಇಟ್ಟಿತು. ಕ್ರಕಟೋವಾದ ಕೂಸು ಕುಸಿದ ಮೇಲೆ ಇಂಡೊನೇಷ್ಯಾದವರು ಅದನ್ನೇ ತಂದು ತಮ್ಮ ಭಾಷೆಯಲ್ಲಿ ‘ಪುಮ್ಮಾ’ ಎಂದು ಹೆಸರಿಟ್ಟರು. ಬಿಡಿಸಿ ಹೇಳಿದರೆ ‘ನೀರಿನ ಮಟ್ಟ ಅಳೆಯುವ ಅಗ್ಗದ ಉಪಕರಣ’. ಸರ್ಕಾರಿ ಯೋಜನೆಯೊಂದು ತನ್ನ ಹೆಸರಿನಲ್ಲೇ ‘ಅಗ್ಗ’ ಎಂದು ಹೇಳಿಕೊಳ್ಳುವ ಧೈರ್ಯ ಮಾಡಿದ್ದು ನನಗಂತೂ ಮೆಚ್ಚಿಗೆಯಾಯಿತು.

ಇದನ್ನು ಬಿಚ್ಚಿದರೆ ಒಳಗಿರುವುದು ಇಷ್ಟು: ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಕಂಪ್ಯೂಟರ್, ನಮ್ಮ ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿಗೆ ಕೊಳ್ಳುವಂಥದ್ದೇ. ಒಂದು ಬ್ಯಾಟರಿ, ಒಂದು ಸೋಲಾರ್ ಫಲಕ, ಒಂದು ಸಿಮ್. ಜೆಟ್ಟಿಯ ತುದಿಯಿಂದ ನೀರಿನ ಕಡೆ ಮುಖಮಾಡಿದ ಒಂದು ಸೆನ್ಸರ್. ಸೆನ್ಸರ್ ನೀರಿಗೆ ಮುಟ್ಟುವುದಿಲ್ಲ. ಮೇಲಿನಿಂದ ಶಬ್ದವನ್ನೋ ರೇಡಾರ್ ತರಂಗವನ್ನೋ ಬಿಟ್ಟು, ನೀರಿಗೆ ಬಡಿದು ಹಿಂದಿರುಗಲು ಹಿಡಿದ ಹೊತ್ತನ್ನು ಲೆಕ್ಕ ಹಾಕುತ್ತದೆ. ಹೊತ್ತು ಕಡಿಮೆಯಾಯಿತೆಂದರೆ ನೀರು ಹತ್ತಿರ ಬಂದಿದೆ, ಅಂದರೆ ಏರಿದೆ.

ಕೆಲವೇ ಸೆಕೆಂಡಿಗೊಂದು ಅಳತೆ. ಹಳೆಯ ಬಾವಿಯ ಕಿರಿದಾರಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಲೆಕ್ಕ ಮಾಡುತ್ತದೆ. ಗಾಳಿಯಲೆ ಬಂದು ಹೋಗಲು ಹತ್ತಾರು ಸೆಕೆಂಡು, ಉಬ್ಬರಕ್ಕೆ ಅರ್ಧ ದಿನ. ಸುನಾಮಿ ಇವೆರಡರ ನಡುವಿನದು, ಐದು ನಿಮಿಷದಿಂದ ಒಂದು ಗಂಟೆಯವರೆಗಿನ ಏರಿಳಿತ. ಗಂಟೆಗೊಮ್ಮೆ ಓದುವ ಮಾಪಕದ ಕಣ್ಣು ತಪ್ಪಿಸಿ ಅದು ಆರಾಮಾಗಿ ಹೋಗಿಬಿಡಬಲ್ಲದು. ಹಾಗಾಗಿ ಪುಮ್ಮಾ ಎರಡು ಸರಾಸರಿ ಇಟ್ಟುಕೊಂಡಿರುತ್ತದೆ: ಈಚಿನ ಸ್ವಲ್ಪ ಹೊತ್ತಿನದೊಂದು, ಅದಕ್ಕಿಂತ ದೀರ್ಘದ್ದೊಂದು. ಎರಡರ ನಡುವಿನ ಅಂತರ ಮಿತಿ ಮೀರಿತೆಂದರೆ ಕೂಗುತ್ತದೆ. ನಮ್ಮ ಕಾಲುವೆ ಕಾಯುವ ಲಸ್ಕರ್ ಮಾಡುವುದೂ ಇದನ್ನೇ. ಹಳಬನಾದವನು ಗೇಜಿನ ಅಂಕಿ ನೋಡಿ ಬೆಚ್ಚುವುದಿಲ್ಲ. ‘ನಿನ್ನೆ ಇಷ್ಟೊತ್ತಿಗೆ ಎಷ್ಟಿತ್ತು, ಅರ್ಧ ತಾಸಿನಲ್ಲಿ ಎಷ್ಟು ಬದಲಾಯಿತು’ ಎಂದು ನೋಡುತ್ತಾನೆ. ಬೆಚ್ಚಬೇಕಾದದ್ದು ಅಲ್ಲಿ.

ಅಗ್ಗದ್ದಕ್ಕೆ ಅದರದೇ ರೋಗಗಳೂ ಇವೆ. ಶಬ್ದದಿಂದ ಅಳೆಯುವ ಸೆನ್ಸರನ್ನು ತಂದು ನಮ್ಮ ಬಳ್ಳಾರಿ ಬಿಸಿಲಿಗೆ ಇಟ್ಟರೆ ಏನಾದೀತು, ಲೆಕ್ಕ ಹಾಕಿ. ಗಾಳಿ ಬಿಸಿಯಾದಷ್ಟೂ ಶಬ್ದ ಜೋರಾಗಿ ಓಡುತ್ತದೆ, ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚು. ಬೆಳಗಿನ 27 ಡಿಗ್ರಿಗೆ ಹೊಂದಿಸಿದ ಸೆನ್ಸರಿಗೆ ಮಧ್ಯಾಹ್ನ 42 ಡಿಗ್ರಿ ಬಡಿದರೆ, ಐದು ಮೀಟರ್ ಕೆಳಗಿನ ನೀರು ಹದಿಮೂರು ಸೆಂಟಿಮೀಟರ್ ಏರಿದೆಯೆಂದು ಅದು ಸುಳ್ಳು ಹೇಳುತ್ತದೆ. ನೀರು ಇದ್ದಲ್ಲೇ ಇದೆ, ಏರಿದ್ದು ಬಿಸಿಲು. ಇದಕ್ಕೆ ಮದ್ದು ಪಕ್ಕದಲ್ಲೊಂದು ಉಷ್ಣಮಾಪಕ ಇಟ್ಟು ಲೆಕ್ಕ ತಿದ್ದುವುದು, ಇಲ್ಲವೇ ಬಿಸಿಲಿಗೆ ಸೊಪ್ಪು ಹಾಕದ ರೇಡಾರ್ ಕೊಳ್ಳುವುದು. ಉಳಿದ ರೋಗಗಳಿಗೆ ಮದ್ದು ಮನುಷ್ಯನೇ. ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ, ಸೋಲಾರ್ ಫಲಕದ ಮೇಲೆ ಹಕ್ಕಿ ಕೂತು ಹೊಲಸು ಮಾಡುತ್ತದೆ, ಸಿಮ್ಮಿನ ಕರೆನ್ಸಿ ಮುಗಿಯುತ್ತದೆ. 2018ರ ಸೆಪ್ಟೆಂಬರಿನಲ್ಲಿ ಇಂಡೊನೇಷ್ಯಾದ ಪಾಲು ನಗರಕ್ಕೆ ಸುನಾಮಿ ನುಗ್ಗಿದಾಗ ಆ ದೇಶದ ದುಬಾರಿ ಬಾಯ್‌ಗಳು ಕೆಟ್ಟು ಕೆಲ ವರ್ಷಗಳೇ ಆಗಿದ್ದವು. ಉಪಕರಣ ಕೊಂಡ ದಿನ ಫೋಟೊ ತೆಗೆಯುತ್ತಾರೆ, ಒರೆಸುವ ದಿನ ಯಾರೂ ಬರುವುದಿಲ್ಲ. ಅಗ್ಗದ ಮಾಪಕದ ದೊಡ್ಡ ಗುಣ ಅಂದರೆ ಒಂದು ಕೆಟ್ಟರೆ ಪಕ್ಕದ ಊರಿನದು ಇರುತ್ತದೆ. ಹತ್ತರಲ್ಲಿ ಎರಡು ಮೂಕಾದರೂ ಎಂಟು ಮಾತಾಡುತ್ತವೆ. ಒಂದೇ ಇದ್ದು ಅದೇ ಮೂಕಾದರೆ?

ಈಗ ನಮ್ಮ ಹೊಳೆಗೆ ಬರೋಣ. ಸುನಾಮಿ ಬಳ್ಳಾರಿಗೆ ಬರುವುದಿಲ್ಲ, ನಿಜ. ಆದರೆ ನೀರು ಹೇಳದೆ ಬರುವ ಅನುಭವ ಸಿರುಗುಪ್ಪಕ್ಕೆ ಹೊಸದಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಗೆ ಉತ್ತರ ಕರ್ನಾಟಕವೇ ಮುಳುಗಿದಾಗ ಈ ತಾಲ್ಲೂಕಿನ ಹೊಳೆಸಾಲಿನ ಊರುಗಳು ಪಟ್ಟ ಪಾಡನ್ನು ಕಂಡವರು ಇನ್ನೂ ಮರೆತಿಲ್ಲ. ಕೆಳಗೆ ಮಂತ್ರಾಲಯದೊಳಕ್ಕೂ ನೀರು ಹೊಕ್ಕಿತ್ತು. ಇನ್ನು 2024ರ ಆಗಸ್ಟ್ 10ರ ರಾತ್ರಿ. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಅದೊಂದರ ಮೇಲಿನ ಭಾರ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ಲಕ್ಷದ ಆಸುಪಾಸು ಕ್ಯೂಸೆಕ್ ನೀರು ಬಿಡಬೇಕಾಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳ್ತನದಲ್ಲಿ ಒಂದು ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿದ್ದು ಸಾಹಸದ ಕಥೆ. ಆದರೆ ಆ ವಾರ ಕೆಳಗಿನ ಊರುಗಳಲ್ಲಿ ಎಲ್ಲರ ಬಾಯಲ್ಲೂ ಇದ್ದ ಪ್ರಶ್ನೆ ಬೇರೆ: ‘ಲಕ್ಷ ಕ್ಯೂಸೆಕ್ ಅಂದ್ರೆ ನಮ್ಮೂರಾಗೆ ಎಲ್ಲೀ ಮಟ ಬರ್ತೈತೆ?’

ಇದು ಸುಮ್ಮನೆ ಕೇಳಿದ ಪ್ರಶ್ನೆಯಲ್ಲ, ವಿಜ್ಞಾನದ ನಟ್ಟನಡುವಿನ ಪ್ರಶ್ನೆ. ಒಂದು ದಿನ ಎಡೆಬಿಡದೆ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಆ ಲೆಕ್ಕದಲ್ಲಿ ಲಕ್ಷ ಕ್ಯೂಸೆಕ್ ಅಂದರೆ ದಿನಕ್ಕೆ ಎಂಟೂವರೆ ಟಿಎಂಸಿಗೂ ತುಸು ಹೆಚ್ಚು. ಎಂಜಿನಿಯರಿಗೆ ಇದು ಅರ್ಥವಾಗುತ್ತದೆ. ದಂಡೆಯ ಮೇಲಿನ ಮನೆಯಾಕೆಗೆ ಬೇಕಿರುವುದು ‘ಗುಡಿಯ ಎಷ್ಟನೇ ಮೆಟ್ಟಿಲು, ಎಷ್ಟು ಗಂಟೆಗೆ’ ಎಂಬ ಉತ್ತರ. ಹೊಳೆ ಒಂದು ಕಡೆ ಅಗಲ, ಒಂದು ಕಡೆ ಕಿರಿದು, ಒಂದು ಕಡೆ ಬಂಡೆ ಅಡ್ಡ. ಅಷ್ಟೇ ನೀರು ಒಂದೂರಲ್ಲಿ ಮೊಣಕಾಲುದ್ದ, ಮುಂದಿನೂರಲ್ಲಿ ಎದೆಯುದ್ದ. ಸುನಾಮಿಯೂ ಹೀಗೆಯೇ: ಚೆನ್ನೈಯಲ್ಲಿ ಎಷ್ಟೆತ್ತರ ಬಂತು ಎಂಬುದರಿಂದ ಮಲ್ಪೆಗೆ ಎಷ್ಟು ಬಂದೀತೆಂದು ಹೇಳಲಾಗದು. ಅದಕ್ಕೆ ಮಲ್ಪೆಯಲ್ಲೇ ಅಳೆದ ಅಂಕಿ ಬೇಕು. ಅಣೆಕಟ್ಟಿನ ಅಂಕಿಯನ್ನು ಊರಿನ ಅಂಕಿಯಾಗಿ ಅನುವಾದಿಸುವವನು ಊರಿನ ಮಾಪಕ.

ಆ ಅನುವಾದವನ್ನು ಜನ ಇಷ್ಟು ದಿನ ತಾವೇ ಮಾಡಿಕೊಂಡು ಬಂದಿದ್ದಾರೆ. ‘ಕಂಪ್ಲಿ ಸೇತುವೆ ಮುಳುಗಿತಂತೆ’ ಎಂಬ ನಾಲಿಗೆಯ ಸುದ್ದಿ ಸಿರುಗುಪ್ಪ ಕಡೆಗೆ ತಲುಪಿತೆಂದರೆ ಹೊಳೆಸಾಲಿನವರು ಪಂಪ್‌ಸೆಟ್ ಬಿಚ್ಚಲು ಶುರುಮಾಡುತ್ತಾರೆ. ಕಂಪ್ಲಿ ಮೇಲೆ, ಸಿರುಗುಪ್ಪ ಕೆಳಗೆ. ನೀರು ಗಂಟೆಗೆ ಆರು ಕಿಲೋಮೀಟರ್ ಹರಿದರೂ ಅರವತ್ತು ಕಿಲೋಮೀಟರಿಗೆ ಹತ್ತು ಗಂಟೆ ಬೇಕು, ಫೋನಿಗೆ ಹತ್ತು ಸೆಕೆಂಡು ಸಾಕು. ಅಂದರೆ ಕಂಪ್ಲಿಯ ಆ ಸೇತುವೆ ತಾನೇ ಒಂದು ಮಾಪಕ. ಆದರೆ ಒರಟು ಮಾಪಕ, ಮುಳುಗಿದೆ ಅಥವಾ ಮುಳುಗಿಲ್ಲ ಎಂಬ ಎರಡೇ ಅಂಕಿ ಗೊತ್ತಿರುವಂಥದ್ದು.

ನನಗೆ ತುಂಗಭದ್ರೆಗಿಂತ ಹಗರಿಯ ಚಿಂತೆ ಹೆಚ್ಚು. ತುಂಗಭದ್ರೆಗೆ ಅಣೆಕಟ್ಟಿದೆ, ಬೋರ್ಡಿದೆ, ಪೇಪರಿನಲ್ಲಿ ಚೌಕವಿದೆ. ವೇದಾವತಿ ಎಂಬ ಚೆಂದದ ಹೆಸರಿದ್ದೂ ಹಗರಿ ಎಂದೇ ನಾವು ಕರೆಯುವ ಹೊಳೆಗೆ ವರ್ಷದ ಬಹುಪಾಲು ಮರಳೇ ಮೈ. ಅದರ ಮೇಲೆ ಕುರಿ ನಡೆಯುತ್ತವೆ, ಹುಡುಗರು ಕ್ರಿಕೆಟ್ ಆಡುತ್ತಾರೆ. ಮೇಲೆಲ್ಲೋ ಚಿತ್ರದುರ್ಗ ಕಡೆ ಮಳೆ ಹೊಡೆದರೆ, ಇಲ್ಲಿ ಬಿಸಿಲಿದ್ದಾಗಲೇ ನೀರು ಬಂದು ನಿಲ್ಲುತ್ತದೆ. 2022ರಲ್ಲಿ ಈ ಹೊಳೆಯ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಬಾರಿಗೆ, ಅಂದರೆ 89 ವರ್ಷಕ್ಕೆ ಕೋಡಿ ಬಿದ್ದಾಗ ಹಗರಿಯ ನೆನಪೇ ಇಲ್ಲದ ತಲೆಮಾರು ಅದನ್ನು ಹೊಸದಾಗಿ ಪರಿಚಯ ಮಾಡಿಕೊಂಡಿತು. ಒಣಗಿದ ಹೊಳೆಯನ್ನು ಯಾರೂ ಕಾಯುವುದಿಲ್ಲ, ಶಾಂತವಾದ ಕಡಲನ್ನು ಯಾರೂ ಕಾಯದಿದ್ದ ಹಾಗೆ. ರಾರಾವಿ ದಾಟಿ ತುಂಗಭದ್ರೆ ಸೇರುವ ತನಕ ಹಗರಿಯ ಮೇಲೆ ಸೇತುವೆಗಳಿವೆ. ಪ್ರತಿ ಸೇತುವೆಯ ಹೊಟ್ಟೆಗೆ ಒಂದು ರೇಡಾರ್ ಕಣ್ಣು, ಒಂದು ಸಿಮ್ ಸಿಕ್ಕಿಸಲು ಬೇಕಾದ ದುಡ್ಡು ಕೋಟಿಗಳಲ್ಲಿಲ್ಲ. ಕಡಲ ದಂಡೆಗೆ ಒಗ್ಗಿದ ಉಪಕರಣ ಉಪ್ಪಿಲ್ಲದ ಹೊಳೆಯಲ್ಲಿ ಇನ್ನೂ ಹೆಚ್ಚು ಕಾಲ ಬಾಳೀತು.

ಕರ್ನಾಟಕಕ್ಕೆ ಈ ವಿದ್ಯೆ ಹೊಸದೇನಲ್ಲ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ನಮ್ಮ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ಇಟ್ಟಿದೆ. ಸೋಲಾರಿನಲ್ಲಿ ನಡೆದು, ಹದಿನೈದು ನಿಮಿಷಕ್ಕೊಮ್ಮೆ ಮೊಬೈಲ್ ಜಾಲದಲ್ಲಿ ಅಂಕಿ ಕಳಿಸುವ ಡಬ್ಬಿಗಳು ಅವು. ಹತ್ತಿರ ಹತ್ತಿರ, ಅಗ್ಗ, ಎಡೆಬಿಡದೆ ಮಾತಾಡುವಂಥವು: ಸುನಾಮಿಯವರು ಕೇಳುತ್ತಿರುವ ಮೂರೂ ಗುಣ ಅವಕ್ಕಿವೆ. ಬಿದ್ದ ಮಳೆಯನ್ನು ಪಂಚಾಯ್ತಿವಾರು ಎಣಿಸಲು ಕಲಿತ ರಾಜ್ಯ, ಹರಿವ ನೀರನ್ನು ಸೇತುವೆವಾರು ಎಣಿಸಲಾರದೆ?

ಎಣಿಸಬಹುದು. ಆದರೆ ಕೊನೆಯ ಗೇಣು ಯಾವಾಗಲೂ ಮನುಷ್ಯನದ್ದೇ. ಒಡಿಶಾದ ವೆಂಕಟರಾಯಪುರ ಮತ್ತು ನೋಲಿಯಾಸಾಹಿ ಎಂಬ ಎರಡು ಕರಾವಳಿ ಹಳ್ಳಿಗಳಿಗೆ 2020ರಲ್ಲಿ ಯುನೆಸ್ಕೊದ ಸಾಗರ ಆಯೋಗ ‘ಸುನಾಮಿಗೆ ಸಿದ್ಧ’ ಎಂಬ ಮನ್ನಣೆ ಕೊಟ್ಟಿತು. ಅದು ಯಂತ್ರ ನೋಡಿ ಕೊಟ್ಟದ್ದಲ್ಲ. ಎಲ್ಲಿಗೆ ಓಡಬೇಕೆಂಬ ನಕ್ಷೆ ಇದೆಯೇ, ಓಡಿ ಅಭ್ಯಾಸ ಮಾಡಿದ್ದಾರೆಯೇ, ಸುದ್ದಿ ಬಂದಾಗ ಯಾರು ಯಾರಿಗೆ ಹೇಳುತ್ತಾರೆಂದು ಗೊತ್ತಿದೆಯೇ ಎಂದು ನೋಡಿ ಕೊಟ್ಟದ್ದು.

ಹೋದ ಮಳೆಗಾಲದ ಒಂದು ಸಂಜೆ ಕೆಂಚನಗುಡ್ಡದ ಬಳಿ ಹೊಳೆ ನೋಡುತ್ತ ನಿಂತಿದ್ದೆ. ಡ್ಯಾಮಿನಿಂದ ನೀರು ಬಿಟ್ಟ ಸುದ್ದಿಯಿತ್ತು. ನೀರು ಕೆಂಪಗೆ, ನೊರೆ ಹೊತ್ತು, ಸದ್ದಿಲ್ಲದೆ ಹೋಗುತ್ತಿತ್ತು. ಏರುತ್ತಿದೆಯೋ ಇಳಿಯುತ್ತಿದೆಯೋ ಬರಿಗಣ್ಣಿಗೆ ತಿಳಿಯುವಂತಿರಲಿಲ್ಲ. ಒಬ್ಬರು ಬಂದರು, ಅರವತ್ತು ದಾಟಿದವರು. ಬೇಲಿಯಿಂದ ಬಳ್ಳಾರಿ ಜಾಲಿಯ ಒಂದು ಕಡ್ಡಿ ಮುರಿದು, ನೀರು ಮುಟ್ಟಿದ ಕಡೆ ಸರಿಯಾಗಿ ಕೆಸರಿಗೆ ಚುಚ್ಚಿದರು. ಬಂಡೆಯ ಮೇಲೆ ಕೂತು ಬೀಡಿ ಹಚ್ಚಿದರು. ಬೀಡಿ ಮುಗಿಯಿತು. ಎದ್ದು ಹೋಗಿ ಬಗ್ಗಿ ನೋಡಿದರು. ಕಡ್ಡಿ ಈಗ ದಂಡೆಯಲ್ಲಿರಲಿಲ್ಲ, ನೀರಿನಲ್ಲಿತ್ತು. ಒದ್ದೆಯಾದ ಗುರುತಿಗೆ ಬೆರಳಿಟ್ಟು ಅಳೆದು, ಜೇಬಿನಿಂದ ಫೋನು ತೆಗೆದರು.

‘ಮಾವ, ಮೋಟ್ರು ಮ್ಯಾಕೆ ಎಳ್ಕಳ್ರಿ. ಎಲ್ಡು ಬೆಳ್ಳು ಏರೈತೆ.’